ವಿಮಾನ ಬಿತ್ತು ಎಂಬ ಸುಳ್ಳು

ಕನ್ನಡದ ‘ಬೀಳು’ ಎಂಬ ಕ್ರಿಯಾಪದ ಬಹಳ ಉಪಕಾರಿಯಾದದ್ದು. ಹಣ್ಣು ಬೀಳುತ್ತದೆ, ಮಳೆ ಬೀಳುತ್ತದೆ, ಗೋಡೆ ಬೀಳುತ್ತದೆ, ಸರ್ಕಾರವೂ ಬೀಳುತ್ತದೆ. ಬೀಳಿಸಿದವರು ಯಾರೆಂದು ವಾಕ್ಯ ಕೇಳುವುದಿಲ್ಲ, ವ್ಯಾಕರಣವೂ ಒತ್ತಾಯಿಸುವುದಿಲ್ಲ. ಪುಣೆಯ ಹೊರವಲಯದ ಒಂದು ಬಯಲಿನಲ್ಲಿ ಭಾನುವಾರ ಬೆಳಿಗ್ಗೆ ಮಾದರಿ ವಿಮಾನ ಹಾರಿಸುವ ನಮ್ಮ ಹವ್ಯಾಸಿ ಸಂಘದಲ್ಲಿ ಕಳೆದ ಒಂಬತ್ತು ವರ್ಷಗಳಲ್ಲಿ ಎಷ್ಟೋ ವಿಮಾನಗಳು ಬಿದ್ದಿವೆ. ಒಂದನ್ನೂ ಯಾರೂ ಬೀಳಿಸಿಲ್ಲ. ಗಾಳಿ ಬಂತು, ಬಿತ್ತು. ಸಿಗ್ನಲ್ ಹೋಯಿತು, ಬಿತ್ತು. ಬ್ಯಾಟರಿ ಕೈಕೊಟ್ಟಿತು, ಬಿತ್ತು. ಹದ್ದು ಅಡ್ಡ ಬಂತು, ಬಿತ್ತು. ನಮ್ಮ ಜಗಳವಿರುವುದು ಈ ವಾಕ್ಯರಚನೆಯ ಜೊತೆಗೆ.

ಮೊದಲೇ ಒಂದು ಮಾತು. ಇಲ್ಲಿ ‘ನಾವು’ ಎಂದು ಬರೆಯುತ್ತಿರುವುದು ಸಂಪಾದಕೀಯದ ಗತ್ತಿಗಾಗಿ ಅಲ್ಲ. ಹೇಳಲಿರುವ ತಪ್ಪಿನಲ್ಲಿ ಈ ಲೇಖಕನ ಪಾಲು ಎಷ್ಟು, ಉಳಿದ ಮೂವತ್ತು ಸದಸ್ಯರ ಪಾಲು ಎಷ್ಟು ಎಂದು ಬೇರ್ಪಡಿಸಲು ಸಾಧ್ಯವಾಗದ್ದರಿಂದ ಬಹುವಚನ ಅನಿವಾರ್ಯವಾಗಿದೆ. ವಾರದ ಐದು ದಿನ ಕೇಂದ್ರ ಸರ್ಕಾರದ ಕಡತಗಳ ನಡುವೆ ಕೂತು, ‘ಪರಿಶೀಲಿಸಲಾಗಿದೆ’, ‘ಕ್ರಮ ಕೈಗೊಳ್ಳಲಾಗಿದೆ’ ಎಂದು ಕರ್ತೃವಿಲ್ಲದ ವಾಕ್ಯಗಳನ್ನೇ ಬರೆಯುವವರಿಗೆ ಈ ರೋಗದ ಲಕ್ಷಣ ಬೇಗ ಗೊತ್ತಾಗಬೇಕಿತ್ತು. ಗೊತ್ತಾಗಲಿಲ್ಲ.

ಸಾಹಿತ್ಯದ ಗೆಳೆಯರು ನಮ್ಮ ಹವ್ಯಾಸವನ್ನು ‘ಆಟಿಕೆ’ ಎಂದು ಕರೆದು ನಗುತ್ತಾರೆ. ಅವರ ನಗೆಗೆ ಬೇಸರವಿಲ್ಲ. ಆದರೆ ಅದೇ ಶಬ್ದವನ್ನು ಸಂಘದೊಳಗೆ ಯಾರಾದರೂ ಸುರಕ್ಷತೆಯ ಮಾತೆತ್ತಿದಾಗ ತಡೆಗೋಡೆಯಾಗಿ ಬಳಸುತ್ತಾರೆ: “ಅಯ್ಯೋ, ಆಟಿಕೆಗೆ ಇಷ್ಟೆಲ್ಲ ಯಾಕೆ?” ಹಾಗಾದರೆ ಲೆಕ್ಕ ಹಾಕೋಣ. ಕಲಿಯುವವರು ಹಾರಿಸುವ ಸಾಧಾರಣ ವಿಮಾನದ ತೂಕ ಸುಮಾರು 2 ಕಿಲೋ. ಅದು ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ, ಅಂದರೆ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಬರುವಾಗ ಅದರ ಚಲನಶಕ್ತಿ 400 ಜೂಲ್. ವೇಗದ ಬೌಲರ್ ಒಬ್ಬ ಗಂಟೆಗೆ 140 ಕಿಲೋಮೀಟರ್ ವೇಗದಲ್ಲಿ ಎಸೆದ ಕ್ರಿಕೆಟ್ ಚೆಂಡಿಗಿರುವ ಶಕ್ತಿಯ ಮೂರು ಪಟ್ಟಿಗಿಂತ ಇದು ಹೆಚ್ಚು. ಇನ್ನೊಂದು ರೀತಿಯಲ್ಲಿ ಹೇಳಬೇಕೆಂದರೆ, ಆರು ಮಹಡಿಯ ಮೇಲಿನಿಂದ ಬಿದ್ದ ಎರಡು ಕಿಲೋದ ಕಲ್ಲಿಗೆ ಇದು ಸಮ. ಅದರ ಮೂಗಿನಲ್ಲಿರುವ ಹತ್ತು ಅಂಗುಲದ ಪ್ರೊಪೆಲ್ಲರ್ ನಿಮಿಷಕ್ಕೆ 12,000 ಸುತ್ತು ತಿರುಗಿದರೆ ಅಲಗಿನ ತುದಿಯ ವೇಗ ಗಂಟೆಗೆ 570 ಕಿಲೋಮೀಟರ್ ದಾಟುತ್ತದೆ. ಬೆರಳು ಎಷ್ಟು ಸುಲಭವಾಗಿ ಕತ್ತರಿಸುತ್ತದೆಂದು ತಿಳಿಯಲು ಭೌತಶಾಸ್ತ್ರ ಬೇಕಾಗಿಲ್ಲ. ನಮ್ಮಲ್ಲಿ ಇಬ್ಬರು ಹಿರಿಯರ ಬಲಗೈ ತೋರುಬೆರಳನ್ನು ನೋಡಿದರೆ ಸಾಕು.

ಜಗತ್ತಿನಲ್ಲಿ ಇದರಿಂದ ಜನ ಸತ್ತಿದ್ದಾರೆ. 1979ರ ಡಿಸೆಂಬರ್ 9ರಂದು ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ ಫುಟ್‌ಬಾಲ್ ಪಂದ್ಯದ ವಿರಾಮದ ವೇಳೆ ಮಾದರಿ ವಿಮಾನಗಳ ಪ್ರದರ್ಶನವಿತ್ತು. ಹುಲ್ಲು ಕತ್ತರಿಸುವ ಯಂತ್ರದ ಆಕಾರದಲ್ಲಿ ತಮಾಷೆಗೆಂದು ಮಾಡಿದ್ದ ಒಂದು ಮಾದರಿ ಪ್ರೇಕ್ಷಕರ ನಡುವೆ ನುಗ್ಗಿ ಇಬ್ಬರಿಗೆ ಬಡಿಯಿತು; ಅವರಲ್ಲೊಬ್ಬ ಯುವಕ ಕೆಲವು ದಿನಗಳ ನಂತರ ತೀರಿಕೊಂಡ. 2013ರ ಸೆಪ್ಟೆಂಬರಿನಲ್ಲಿ ಅದೇ ನಗರದ ಬ್ರೂಕ್ಲಿನ್ ಭಾಗದ ಉದ್ಯಾನದಲ್ಲಿ, ಮಾದರಿ ಹಾರಾಟಕ್ಕೆಂದೇ ಜಾಗವಿದ್ದಲ್ಲಿ, ಹತ್ತೊಂಬತ್ತು ವರ್ಷದ ಹುಡುಗನೊಬ್ಬನನ್ನು ಅವನೇ ಹಾರಿಸುತ್ತಿದ್ದ ರಿಮೋಟ್ ಹೆಲಿಕಾಪ್ಟರ್ ಕೊಂದಿತು. ಅವನು ಹೊಸಬನಾಗಿರಲಿಲ್ಲ. ನಮ್ಮ ಬಯಲಿನಲ್ಲಿ ಸಾವು ಸಂಭವಿಸಿಲ್ಲ. ಅದನ್ನು ನಾವು ನಮ್ಮ ಸಾಧನೆಯೆಂದು ಎಣಿಸಿಕೊಂಡಿದ್ದೆವು, ಈ ಜನವರಿಯವರೆಗೆ.

ಆ ಭಾನುವಾರದ ವಿವರ ಹೇಳಲೇಬೇಕು. ನಮ್ಮ ಸಂಘದ ಅತ್ಯಂತ ಹಿರಿಯ ಸದಸ್ಯರನ್ನು ಎಲ್ಲರೂ ಕಾಕಾ ಎಂದೇ ಕರೆಯುತ್ತಾರೆ. ಬಾಲ್ಸಾ ಮರದ ಪಟ್ಟಿಗಳನ್ನು ಬ್ಲೇಡಿನಿಂದ ಕೊಯ್ದು, ಅಂಟಿಸಿ, ಮೇಲೆ ತೆಳು ಹಾಳೆ ಬಿಗಿದು, ಐದು ತಿಂಗಳು ರಾತ್ರಿ ಕೂತು ವಿಮಾನ ಕಟ್ಟುವವರು ನಮ್ಮಲ್ಲಿ ಅವರೊಬ್ಬರೇ ಉಳಿದಿದ್ದಾರೆ. ನಾವೆಲ್ಲ ಪೆಟ್ಟಿಗೆಯಿಂದ ತೆಗೆದು ಸ್ಕ್ರೂ ಬಿಗಿದು ಹಾರಿಸುವ ತಲೆಮಾರಿನವರು. ಅಂದು ಕಾಕಾ ತಂದಿದ್ದುದು ಪೆಟ್ರೋಲ್ ಎಂಜಿನ್ನಿನ, ಐದು ಕಿಲೋ ತೂಕದ ವಿಮಾನ. ಹಿಂದಿನ ವಾರ ಅದರ ರೆಕ್ಕೆಯ ಸರ್ವೋ ಕೆಟ್ಟು ಹೊಸದು ಹಾಕಿದ್ದರು. ರೆಕ್ಕೆಯ ತುದಿಯಲ್ಲಿರುವ ಐಲರಾನ್ ಎಂಬ ಪಟ್ಟಿಗಳು ವಿಮಾನವನ್ನು ಎಡಕ್ಕೆ ಬಲಕ್ಕೆ ವಾಲಿಸುತ್ತವೆ. ರೇಡಿಯೋದ ಕಡ್ಡಿಯನ್ನು ಬಲಕ್ಕೆ ಒತ್ತಿದರೆ ಬಲಗಡೆಯದು ಮೇಲೇಳಬೇಕು, ಎಡಗಡೆಯದು ಇಳಿಯಬೇಕು. ಹೊಸ ಸರ್ವೋ ಹಾಕಿದಾಗ ಈ ದಿಕ್ಕು ತಿರುಗುಮುರುಗಾಗುವುದು ಈ ಹವ್ಯಾಸದ ಅತಿ ಹಳೆಯ ತಪ್ಪು. ಅದನ್ನು ಕಂಡುಹಿಡಿಯಲು ಹತ್ತು ಸೆಕೆಂಡು ಸಾಕು. ಆ ಹತ್ತು ಸೆಕೆಂಡು ಅಂದು ಯಾರ ಬಳಿಯೂ ಇರಲಿಲ್ಲ, ಏಕೆಂದರೆ ಬಿಸಿಲೇರುವ ಮೊದಲು, ಗಾಳಿ ಏಳುವ ಮೊದಲು ಹಾರಿಸಬೇಕಿತ್ತು.

ವಿಮಾನ ನೆಲ ಬಿಟ್ಟಿತು. ಸಣ್ಣ ಗಾಳಿಗೆ ಎಡಕ್ಕೆ ವಾಲಿತು. ಕಾಕಾ ಬಲಕ್ಕೆ ಒತ್ತಿದರು; ಅದು ಇನ್ನಷ್ಟು ಎಡಕ್ಕೆ ವಾಲಿತು. ಇನ್ನೂ ಬಲವಾಗಿ ಒತ್ತಿದರು. ನಲವತ್ತು ವರ್ಷಗಳ ಅಭ್ಯಾಸ ಕೈಗೆ ಹೇಳಿದ್ದನ್ನೇ ಕೈ ಮಾಡಿತು, ಪ್ರತಿ ತಿದ್ದುಪಡಿಯೂ ತಪ್ಪನ್ನು ಬೆಳೆಸಿತು. ಎಡಗಡೆಯಲ್ಲಿ ನಾವು ಕಾರು ನಿಲ್ಲಿಸುತ್ತೇವೆ. ಅಲ್ಲಿ ಚಹಾದವನ ಸೈಕಲ್ಲೂ ಇರುತ್ತದೆ. ಆ ದಿನ ಅಲ್ಲಿ ಕುರಿ ಮೇಯಿಸುವವರ ಹುಡುಗನೊಬ್ಬ, ಒಂಬತ್ತೋ ಹತ್ತೋ ವರ್ಷದವನು, ಬಾಯಿ ತೆರೆದು ಆಕಾಶ ನೋಡುತ್ತ ನಿಂತಿದ್ದ. ಎಂಜಿನ್ ಅವನಿಂದ ಮೂರು ಹೆಜ್ಜೆ ದೂರದಲ್ಲಿ ಒಂದು ಗೇಣು ನೆಲದೊಳಗೆ ಹೂತುಕೊಂಡಿತು. ಒಡೆದ ರೆಕ್ಕೆಯ ಚೂರು ಅವನ ಎಡತೋಳನ್ನು ಮೊಣಕೈಯಿಂದ ಭುಜದವರೆಗೆ ಸೀಳಿತು. ಹನ್ನೊಂದು ಹೊಲಿಗೆ.

ಅಂದು ಪ್ರೇಕ್ಷಕರನ್ನು ಹಿಂದೆ ನಿಲ್ಲಿಸುವ ಜವಾಬ್ದಾರಿ ನಮ್ಮದಾಗಿತ್ತು. ನಾವು ಚಹಾ ಕುಡಿಯುತ್ತಿದ್ದೆವು.

ಆಸ್ಪತ್ರೆಯ ಪಡಸಾಲೆಯಲ್ಲಿ ಹುಡುಗನ ತಂದೆ ಕಂಬಳಿ ಹೊದ್ದು ಗೋಡೆಗೊರಗಿ ಕುಕ್ಕರುಗಾಲಲ್ಲಿ ಕೂತಿದ್ದ. ಏನಾಯಿತೆಂದು ಕೇಳಿದಾಗ ನಮ್ಮವರೊಬ್ಬರು ಮರಾಠಿಯಲ್ಲಿ “ವಿಮಾನ ಪಡ್ಲಂ” ಎಂದರು. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: “ಪಡ್ಲಂ ಕೀ ಪಾಡ್ಲಂ, ಸಾಹೇಬ್?” ಬಿತ್ತೋ, ಬೀಳಿಸಿದಿರೋ? ಮರಾಠಿಯಲ್ಲಿ ಈ ಎರಡರ ನಡುವಿನ ಅಂತರ ಒಂದು ದೀರ್ಘಸ್ವರ ಮಾತ್ರ. ಆತನ ದನಿಯಲ್ಲಿ ಸಿಟ್ಟಿರಲಿಲ್ಲ. ಕುರಿಯೊಂದು ಕಾಲು ಮುರಿದುಕೊಂಡರೆ ತಾನಾಗಿ ಜಾರಿತೋ, ಯಾರಾದರೂ ಕಲ್ಲೆಸೆದರೋ ಎಂದು ವಿಚಾರಿಸುವವನ ಸಹಜ ಕುತೂಹಲ ಅದು. ಏಕೆಂದರೆ ಮುಂದೆ ಏನು ಮಾಡಬೇಕೆಂಬುದು ಆ ಉತ್ತರದ ಮೇಲೆ ನಿಂತಿರುತ್ತದೆ. ಎಂಎ ಇಂಗ್ಲಿಷ್ ತರಗತಿಯಲ್ಲಿ ಎರಡು ವರ್ಷ ಟ್ರ್ಯಾಜಿಡಿಯ ಬಗ್ಗೆ, ನಾಯಕನ ದೋಷ ಮತ್ತು ವಿಧಿಯ ಪಾತ್ರದ ಬಗ್ಗೆ ಪುಟಗಟ್ಟಲೆ ಬರೆದವರಿಗೆ ಆ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ. ಆಸ್ಪತ್ರೆಯ ಬಿಲ್ಲು ಕಟ್ಟಿದೆವು. ಆತನ ಕೈಗೆ ಮೂರು ಸಾವಿರ ರೂಪಾಯಿ ಇಟ್ಟೆವು. ಆ ಸಂಜೆ ಸಂಘದ ವಾಟ್ಸಾಪ್ ಗುಂಪಿನಲ್ಲಿ ಒಂದು ಸಂದೇಶ ಬಂತು: ಸಣ್ಣ ಘಟನೆ ನಡೆಯಿತು, ದೇವರ ದಯೆಯಿಂದ ದೊಡ್ಡದೇನೂ ಆಗಲಿಲ್ಲ, ಯಾರೂ ಹೊರಗೆ ಮಾತಾಡಬಾರದು. ಕೆಳಗೆ ಇಪ್ಪತ್ತಾರು ಕೈಮುಗಿದ ಚಿತ್ರಗಳು. ಅದರಲ್ಲಿ ಒಂದು ನಮ್ಮದು.

‘ದೊಡ್ಡದೇನೂ ಆಗಲಿಲ್ಲ’ ಎಂಬ ಈ ವಾಕ್ಯವನ್ನು ನಾವು ಎಷ್ಟು ಸಲ ಬಳಸಿದ್ದೇವೆಂದು ನೆನಪು ಮಾಡಿಕೊಂಡರೆ ನಾಚಿಕೆಯಾಗುತ್ತದೆ. ಸದಸ್ಯರೊಬ್ಬರ ಮನೆಯಲ್ಲಿ ಉಬ್ಬಿದ ಲಿಪೋ ಬ್ಯಾಟರಿಯನ್ನು ಅಡುಗೆಮನೆಯ ಕಟ್ಟೆಯ ಮೇಲೆ ಚಾರ್ಜಿಗಿಟ್ಟು ಅವರು ಸ್ನಾನಕ್ಕೆ ಹೋಗಿದ್ದರು. ಬೆಂಕಿ ಗ್ಯಾಸ್ ಒಲೆಯ ಪಕ್ಕದ ಪರದೆಗೆ ಹತ್ತಿತು. ದೊಡ್ಡದೇನೂ ಆಗಲಿಲ್ಲ. ಆ ಬ್ಯಾಟರಿಯ ಒಂದೊಂದು ಕೋಶವೂ 4.2 ವೋಲ್ಟ್ ಮೀರಬಾರದು, ಉಬ್ಬಿದ್ದನ್ನು ಮತ್ತೆ ಚಾರ್ಜ್ ಮಾಡಲೇಬಾರದು, ಎದುರಿಗೆ ಮನುಷ್ಯನಿಲ್ಲದೆ ಚಾರ್ಜಿಗಿಡಬಾರದು ಎಂಬುದು ನಮಗೆಲ್ಲ ಗೊತ್ತು. ಇನ್ನೊಮ್ಮೆ ವಿದ್ಯುತ್ ಮೋಟಾರಿನ ವಿಮಾನವನ್ನು ತೊಡೆಯ ಮೇಲಿಟ್ಟುಕೊಂಡು ಬ್ಯಾಟರಿ ಜೋಡಿಸಿದವರ ಅಂಗಿಯ ತೋಳು ರೇಡಿಯೋದ ಕಡ್ಡಿಗೆ ತಾಗಿ ಪ್ರೊಪೆಲ್ಲರ್ ತಿರುಗಿತು. ಪ್ಯಾಂಟು ಹರಿಯಿತು, ತೊಡೆ ಉಳಿಯಿತು. ಎಣ್ಣೆಯ ಎಂಜಿನ್ ಗದ್ದಲ ಮಾಡಿ ಎಚ್ಚರಿಸುತ್ತದೆ. ವಿದ್ಯುತ್ ಮೋಟಾರು ಸುಮ್ಮನೆ ಕಾದು ಕೂತಿರುತ್ತದೆ. ಆ ಪಾಠ ಆ ಒಬ್ಬರ ಪ್ಯಾಂಟಿನೊಂದಿಗೇ ಮುಗಿದುಹೋಯಿತು, ಮರುವರ್ಷ ಸೇರಿದ ಹೊಸಬರಿಗೆ ದಾಟಲಿಲ್ಲ.

ಆಸ್ಪತ್ರೆಯಿಂದ ಹಿಂತಿರುಗುವಾಗ ನಮ್ಮ ಸ್ಕೂಟರಿನ ಹಿಂದೆ ಕೂತಿದ್ದವನು ವಿಜಯಪುರದ ಕಡೆಯ ಹುಡುಗ, ಇಲ್ಲಿ ಎಂಜಿನಿಯರಿಂಗ್ ಎರಡನೆಯ ವರ್ಷ ಓದುತ್ತಿದ್ದಾನೆ. ಅರ್ಧ ದಾರಿಯಲ್ಲಿ ಹೇಳಿದ: “ನಂಗ ಕಂಡಿತ್ತ್ರೀ ಸರ. ಬಲಕ್ಕ ಒತ್ತಿದ್ರ ಬಲಗಡೀದು ಕೆಳಗ ಹೋಗ್ತಿತ್ತು. ಆದ್ರ ಕಾಕಾಗ ಹೆಂಗ ಹೇಳೂದ್ರೀ?” ಸ್ಕೂಟರು ನಿಲ್ಲಿಸಿದೆವು. ಅವನನ್ನು ಬೈಯಬೇಕೆನಿಸಿತು, ಬೈಯುವ ಅರ್ಹತೆ ನಮಗಿರಲಿಲ್ಲ. ಆ ಪ್ರಶ್ನೆಯನ್ನು ಅವನ ಬಾಯಲ್ಲಿ ಇಟ್ಟವರೇ ನಾವು. ಹಿರಿಯರು ಮಾತಾಡುವಾಗ ನಡುವೆ ಬಾಯಿ ಹಾಕಬಾರದೆಂದು ಅವನಿಗೆ ಮನೆಯಲ್ಲಿ ಕಲಿಸಿರಬಹುದು, ಅದು ಒಳ್ಳೆಯದೇ. ಬಯಲಿನಲ್ಲಿ ಅದಕ್ಕೊಂದು ವಿನಾಯಿತಿ ಇದೆಯೆಂದು ನಾವು ಯಾರೂ ಕಲಿಸಿರಲಿಲ್ಲ.

ಈ ಮೌನದ ಬೆಲೆ ಕನ್ನಡನಾಡಿಗೆ ಗೊತ್ತಿಲ್ಲದ್ದಲ್ಲ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ರನ್‌ವೇ ದಾಟಿ ಕಣಿವೆಗೆ ಉರುಳಿತು. 166 ಜನರಲ್ಲಿ 158 ಮಂದಿ ಸತ್ತರು. ಉರುಳಿತು ಎಂದೇ ಅಂದು ಪತ್ರಿಕೆಗಳಲ್ಲಿ ಓದಿದೆವು, ಇಲ್ಲಿ ನಾವೂ ಹಾಗೆಯೇ ಬರೆದಿದ್ದೇವೆ. ನಿವೃತ್ತ ಏರ್ ಮಾರ್ಷಲ್ ಬಿ. ಎನ್. ಗೋಖಲೆಯವರ ನೇತೃತ್ವದ ತನಿಖಾ ನ್ಯಾಯಾಲಯ ಹಾಗೆ ಬರೆಯಲಿಲ್ಲ. ಇಳಿಯುವ ಕ್ರಮ ಸರಿಯಿಲ್ಲದಿದ್ದರೂ ಕ್ಯಾಪ್ಟನ್ ಅದನ್ನು ಕೈಬಿಡಲಿಲ್ಲ, ಸಹಪೈಲಟ್ ಮತ್ತೆ ಮೇಲೇರೋಣವೆಂದು ಮೂರು ಸಲ ಹೇಳಿದರೂ ಮುಂದುವರಿಸಿದರು ಎಂದು ಅದು ದಾಖಲಿಸಿತು. ಆ ವಾಕ್ಯಗಳಲ್ಲಿ ಕರ್ತೃಗಳಿದ್ದಾರೆ, ಕ್ರಿಯೆಗಳಿವೆ. ಹೇಳಿದವರು ಯಾರು, ಕೇಳದವರು ಯಾರು ಎಂಬುದಿದೆ. ಸತ್ತವರನ್ನು ಹೀಯಾಳಿಸುವುದು ಅದರ ಉದ್ದೇಶವಲ್ಲ. ಮುಂದೆ ಇನ್ನೊಂದು ಕಾಕ್‌ಪಿಟ್‌ನಲ್ಲಿ ಬಲಗಡೆ ಕೂತ ಕಿರಿಯನ ಮಾತಿಗೆ ತೂಕ ಬರಲೆಂದೇ ಅಂಥ ವರದಿಗಳನ್ನು ಬರೆಯುತ್ತಾರೆ. ಅಲ್ಲಿ ಕಿರಿಯ ಮೂರು ಸಲ ಹೇಳಿದ್ದ. ನಮ್ಮವನು ಒಂದು ಸಲವೂ ಹೇಳಲಿಲ್ಲ.

ಬಯಲಿನಲ್ಲಿ ಒಂದು ಕಾಲದಲ್ಲಿ ಪರಸ್ಪರ ಕೇಳಿಕೊಳ್ಳುವ ಪದ್ಧತಿ ಇತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ಹಳೆಯ ರೇಡಿಯೋಗಳು ನಿಗದಿತ ಚಾನೆಲ್‌ಗಳಲ್ಲಿ ಕೆಲಸ ಮಾಡುತ್ತಿದ್ದವು. ನಿಮ್ಮ ಚಾನೆಲ್ಲಿನಲ್ಲೇ ಇನ್ನೊಬ್ಬ ಗುಂಡಿ ಒತ್ತಿದರೆ ಆಕಾಶದಲ್ಲಿರುವ ನಿಮ್ಮ ವಿಮಾನ ಅವನ ಮಾತನ್ನೂ ಕೇಳಿ ಹುಚ್ಚಾಗುತ್ತಿತ್ತು. ಅದಕ್ಕೆ ಒಂದು ಮರದ ಹಲಗೆ, ಅದರಲ್ಲಿ ಚಾನೆಲ್ ಸಂಖ್ಯೆ ಬರೆದ ಬಟ್ಟೆಕ್ಲಿಪ್ಪುಗಳು. ಕ್ಲಿಪ್ಪು ಯಾರ ಬಳಿ ಇದೆಯೋ ಅವನಷ್ಟೇ ರೇಡಿಯೋ ಹಾಕಬಹುದು. ಕೋಟಿಗಟ್ಟಲೆ ಬೆಲೆಯ ಯಾವ ಯಂತ್ರಕ್ಕೂ ಕಡಿಮೆಯಿಲ್ಲದ ಸುರಕ್ಷತಾ ವ್ಯವಸ್ಥೆ ಅದು, ಎರಡು ರೂಪಾಯಿಯ ಕ್ಲಿಪ್ಪಿನದು. ಕಾಕಾ ಕೂಡ ಕ್ಲಿಪ್ಪಿಗಾಗಿ ಹದಿನೈದರ ಹುಡುಗನ ಬಳಿ ಹೋಗಿ “ನಿನ್ನದು ಆಯ್ತೇನೋ?” ಎಂದು ಕೇಳಿ ಕಾಯಬೇಕಿತ್ತು. 2005ರಲ್ಲಿ ನಮ್ಮ ದೇಶದಲ್ಲಿ 2.4 ಗಿಗಾಹರ್ಟ್ಸ್ ತರಂಗಪಟ್ಟಿ ಪರವಾನಗಿಯಿಂದ ಮುಕ್ತವಾಯಿತು. ಆಮೇಲೆ ಬಂದ ರೇಡಿಯೋಗಳು ತಮ್ಮ ಜಾಗವನ್ನು ತಾವೇ ಹುಡುಕಿಕೊಳ್ಳುತ್ತವೆ, ಒಬ್ಬರ ಮಾತು ಇನ್ನೊಬ್ಬರಿಗೆ ತಾಗುವುದಿಲ್ಲ. ದೊಡ್ಡ ಅಪಾಯವೊಂದು ತಪ್ಪಿತು, ನಿಜ. ಹಲಗೆಯ ಜೊತೆಗೆ ಒಬ್ಬರನ್ನೊಬ್ಬರು ಕೇಳುವ ಅಭ್ಯಾಸವನ್ನೂ ಎತ್ತಿ ಅಟ್ಟಕ್ಕೆ ಹಾಕಿದೆವು. ಈಗ ಪ್ರತಿಯೊಬ್ಬನೂ ತನ್ನ ಕಾರಿನ ಡಿಕ್ಕಿಯ ಮುಂದೆ ಒಂಟಿ ಸಾರ್ವಭೌಮ.

ಗ್ಲೈಡರ್ ಹಾರಿಸುವವರಲ್ಲಿ ಆ ಅಭ್ಯಾಸ ಇನ್ನೂ ಉಳಿದಿದೆ. ಪುಣೆಯ ಹಡಪ್ಸರದಲ್ಲೇ ಸರ್ಕಾರಿ ಗ್ಲೈಡಿಂಗ್ ಕೇಂದ್ರವಿದೆ, ನಮ್ಮವರು ದೂರ ಹೋಗಿ ಕಲಿಯಬೇಕಾಗಿಲ್ಲ. ಗ್ಲೈಡರನ್ನು ಜೋಡಿಸಿದ ಮೇಲೆ ಒಬ್ಬ ಒಳಗೆ ಕೂತು ಕಡ್ಡಿ ಅಲುಗಿಸುತ್ತಾನೆ, ಇನ್ನೊಬ್ಬ ಹೊರಗೆ ಐಲರಾನನ್ನು ಕೈಯಲ್ಲಿ ಹಿಡಿದು ಅದು ಯಾವ ಕಡೆ ತಳ್ಳುತ್ತಿದೆಯೆಂದು ಗಟ್ಟಿಯಾಗಿ ಹೇಳುತ್ತಾನೆ. ಒಳಗೆ ಕೂತವನು ಮೂರು ದಶಕ ಹಾರಿದವನಾದರೂ ಸರಿ, ಹೊರಗಿರುವವನು ನಿನ್ನೆ ಸೇರಿದವನಾದರೂ ಸರಿ. ಇದರಲ್ಲಿ ಯಾರ ಮಾನವೂ ಹೋಗುವುದಿಲ್ಲ. ಆ ಜನವರಿಯ ಬೆಳಿಗ್ಗೆ ವಿಜಯಪುರದ ಹುಡುಗನ ಕೈ ಕಾಕಾನ ರೆಕ್ಕೆಯ ಮೇಲಿದ್ದಿದ್ದರೆ ಅವನು ಹೇಳಬೇಕೋ ಬೇಡವೋ ಎಂದು ಯೋಚಿಸಬೇಕಾಗಿಯೇ ಇರಲಿಲ್ಲ; ಹೇಳುವುದು ಅವನ ಕೆಲಸವಾಗಿರುತ್ತಿತ್ತು.

ನಮ್ಮ ಈ ಮಾತುಗಳಿಗೆ ಸಂಘದೊಳಗೆ ಬಂದ ಉತ್ತರಗಳಲ್ಲಿ ‘ವಿಧಿ’ಯನ್ನು ಕುರಿತದ್ದಕ್ಕೆ ಹೆಚ್ಚು ಸಮಯ ಕೊಡಬೇಕಿಲ್ಲ. ಸರ್ವೋದ ತಂತಿಯನ್ನು ವಿಧಿ ಜೋಡಿಸುವುದಿಲ್ಲ. ನಿಯಮಗಳು ಆನಂದವನ್ನು ಕೊಲ್ಲುತ್ತವೆ ಎಂಬ ಇನ್ನೊಂದು ವಾದವನ್ನು ಮಂಡಿಸಿದವರೇ ತಮ್ಮ ಮಕ್ಕಳನ್ನು ಬಯಲಿಗೆ ಕರೆತರುವುದನ್ನು ನಿಲ್ಲಿಸಿ ಎರಡು ವರ್ಷವಾಯಿತು. ಯಾಕೆಂದು ಕೇಳಿದರೆ ಬಿಸಿಲು ಎನ್ನುತ್ತಾರೆ.

ಗಟ್ಟಿಯಾದ ವಾದ ಮೂರನೆಯದು, ಅದನ್ನು ನಾವು ಗೌರವದಿಂದಲೇ ಎದುರಿಸಬೇಕು. “ಬರೆದಿಟ್ಟರೆ ಅದು ಸಾಕ್ಷ್ಯವಾಗುತ್ತದೆ. ವರದಿ ಮಾಡಿದರೆ ಪೊಲೀಸರು ಬರುತ್ತಾರೆ. ಪೊಲೀಸರು ಬಂದರೆ ಬಯಲು ಮುಚ್ಚುತ್ತದೆ. ಆಮೇಲೆ ನಿಮ್ಮ ಸತ್ಯವನ್ನು ಎಲ್ಲಿ ಹಾರಿಸುತ್ತೀರಿ?” ಈ ಭಯ ಸುಳ್ಳಲ್ಲ. ಪುಣೆಯಲ್ಲಿ ಖಾಲಿ ನೆಲ ಎಂದರೆ ಇನ್ನೂ ಕಟ್ಟಡವಾಗದ ನೆಲ ಎಂದರ್ಥ. ಹಿಂದೆ ಹಾರಿಸುತ್ತಿದ್ದ ಎರಡು ಜಾಗಗಳಲ್ಲಿ ಈಗ ಹನ್ನೆರಡು ಮಹಡಿಗಳು ಎದ್ದಿವೆ. ಲೋಹಗಾಂವ್ ವಿಮಾನ ನಿಲ್ದಾಣ ವಾಯುಪಡೆಯ ನೆಲೆಯೂ ಹೌದು. ಅದರ ಎಲ್ಲೆಯಿಂದ ಎಂಟು ಕಿಲೋಮೀಟರಿನೊಳಗೆ ನೆಲಮಟ್ಟದಿಂದಲೇ ಹಳದಿ ವಲಯ, ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ವಿಮಾನ ನಗರವೆಂದು ಹೆಸರಿಟ್ಟುಕೊಂಡ ಬಡಾವಣೆಯಲ್ಲಿ ಮಕ್ಕಳ ವಿಮಾನಕ್ಕೂ ಜಾಗವಿಲ್ಲ ಎಂಬುದು ಈ ಊರಿನ ಸಣ್ಣ ವ್ಯಂಗ್ಯ.

ಕಾನೂನಿನ ಮಾತು ಬಂದದ್ದರಿಂದ, ಅದನ್ನು ನಮ್ಮಲ್ಲಿ ಹೆಚ್ಚಿನವರು ಓದಿಯೇ ಇಲ್ಲ ಎಂಬುದನ್ನೂ ಹೇಳಿಬಿಡಬೇಕು. 2021ರ ಆಗಸ್ಟ್ 25ರಂದು ಪ್ರಕಟವಾದ ಡ್ರೋನ್ ನಿಯಮಗಳು ನಾಲ್ಕು ಫ್ಯಾನಿನ ಕ್ಯಾಮೆರಾ ಯಂತ್ರಗಳಿಗೆ ಮಾತ್ರ, ನಮ್ಮ ರೆಕ್ಕೆಯ ವಿಮಾನಗಳಿಗಲ್ಲ ಎಂದು ಸಂಘದಲ್ಲಿ ಬಲವಾಗಿ ನಂಬಿದ್ದಾರೆ. ನಿಯಮಗಳಲ್ಲಿ ವಿಮಾನ, ಹೆಲಿಕಾಪ್ಟರು, ಎರಡರ ಮಿಶ್ರಣ ಎಲ್ಲವೂ ಸೇರಿವೆ. 25 ಕಿಲೋ ಮೀರದ, ಕಣ್ಣಳತೆಯೊಳಗೆ ಹಾರಿಸುವ ಹವ್ಯಾಸಿ ಮಾದರಿಗಳಿಗೆ ಮಾದರಿ ಪ್ರಮಾಣಪತ್ರದಿಂದ ವಿನಾಯಿತಿ ಕೊಟ್ಟಿದ್ದಾರೆ, ಅದು ಉದಾರವಾದ ಕ್ರಮ. ಆದರೆ 250 ಗ್ರಾಂ ಮೀರಿದ್ದಕ್ಕೆ ಮೂರನೆಯವರ ಹಾನಿಯ ವಿಮೆ ಬೇಕು. ಅಪಘಾತವಾದರೆ 48 ಗಂಟೆಯೊಳಗೆ ವರದಿ ಮಾಡಬೇಕು. ಕಾಕಾನ ವಿಮಾನಕ್ಕೆ ವಿಮೆ ಇರಲಿಲ್ಲ. ನಮ್ಮ ಯಾರ ವಿಮಾನಕ್ಕೂ ಇರಲಿಲ್ಲ. 48 ಗಂಟೆಗಳು ಒಂದು ಸೋಮವಾರ ಮತ್ತು ಅರ್ಧ ಮಂಗಳವಾರವಾಗಿ ನಮ್ಮ ಕಚೇರಿಯ ಗಡಿಯಾರದಲ್ಲೇ ಕಳೆದುಹೋದವು. ಆ ಎರಡು ದಿನ ನಾವು ಬೇರೆ ಇಲಾಖೆಯೊಂದಕ್ಕೆ ವರದಿ ತಡವಾಯಿತೆಂದು ಜ್ಞಾಪನಪತ್ರ ಬರೆಯುತ್ತಿದ್ದೆವು.

ಹಾಗೆಂದು ಸರ್ಕಾರವನ್ನು ಸುಮ್ಮನೆ ಬಿಡುವಂತಿಲ್ಲ. ಅದರ ಉಪ್ಪು ತಿಂದವರಾಗಿಯೇ ಹೇಳುತ್ತೇವೆ: ತಪ್ಪೊಪ್ಪಿಕೊಂಡವನನ್ನು ಹೇಗೆ ನಡೆಸಿಕೊಳ್ಳಬೇಕೆಂದು ನಮ್ಮ ವ್ಯವಸ್ಥೆಗೆ ತಿಳಿಯದು. ಅದಕ್ಕೆ ತಿಳಿದಿರುವುದು ಎರಡೇ ಸ್ಥಿತಿ. ಏನೂ ಆಗಿಲ್ಲದಿದ್ದರೆ ನಿರ್ಲಕ್ಷ್ಯ, ಏನಾದರೂ ಆದರೆ ನಿಷೇಧ. ಅಮೆರಿಕದಲ್ಲಿ 1976ರಿಂದ ನಾಸಾ ನಡೆಸುತ್ತಿರುವ ವಿಮಾನಯಾನ ಸುರಕ್ಷತಾ ವರದಿ ವ್ಯವಸ್ಥೆಯಲ್ಲಿ, ಉದ್ದೇಶಪೂರ್ವಕವಲ್ಲದ ತಪ್ಪನ್ನು ತಾವಾಗಿ ಹೇಳಿಕೊಂಡವರ ಹೆಸರನ್ನು ಗುಟ್ಟಾಗಿಡುತ್ತಾರೆ, ದಂಡದಿಂದ ರಿಯಾಯಿತಿಯೂ ಇದೆ. ಅದನ್ನು ನಡೆಸಲು ದಂಡ ಹಾಕುವ ಇಲಾಖೆಯನ್ನು ಬಿಟ್ಟು ಬೇರೆ ಸಂಸ್ಥೆಯನ್ನು ಆರಿಸಿದ್ದರಲ್ಲೇ ಅದರ ಜಾಣತನವಿದೆ. ಹವ್ಯಾಸಿಗಳಿಗೆ ಅಂಥದೊಂದು ಕಿಟಕಿ, ಜೊತೆಗೆ ನಗರಕ್ಕೊಂದು ಬೇಲಿ ಹಾಕಿದ ಬಯಲು ಕೊಟ್ಟರೆ ಮುಚ್ಚಿಡುವುದರ ಲಾಭ ಕಡಿಮೆಯಾಗುತ್ತದೆ. ಕ್ರಿಕೆಟ್ಟಿಗೆ ಕೊಡುವ ನೆಲದಲ್ಲಿ ಒಂದು ಮೂಲೆ ಸಾಕು.

ಆದರೆ ಸರ್ಕಾರ ಆ ಕಿಟಕಿ ತೆರೆಯುವವರೆಗೆ ಬಾಯಿ ಮುಚ್ಚಿಕೊಂಡಿರೋಣ ಎನ್ನುವವರು ಒಂದು ಲೆಕ್ಕವನ್ನು ಮರೆಯುತ್ತಾರೆ. ಮುಚ್ಚಿಟ್ಟರೆ ನಮ್ಮ ಬಯಲು ಉಳಿಯುತ್ತದೆ, ಸರಿ. ಅದರ ಬಾಡಿಗೆ ಕಟ್ಟುವವರು ಯಾರು? ಹನ್ನೊಂದು ಹೊಲಿಗೆಯ ಆ ಹುಡುಗ ಕಟ್ಟಿದ. ಮುಂದಿನ ಬಾರಿ ಚಹಾದವನು ಕಟ್ಟಬಹುದು. ಅವರಿಬ್ಬರೂ ಸಂಘದ ಸದಸ್ಯರಲ್ಲ, ನಮ್ಮ ವಾಟ್ಸಾಪ್ ಗುಂಪಿನಲ್ಲೂ ಇಲ್ಲ, ಈ ಗುಟ್ಟು ಕಾಯುವ ಒಪ್ಪಂದಕ್ಕೆ ಯಾರೂ ಅವರ ಒಪ್ಪಿಗೆ ಕೇಳಿಲ್ಲ. ನಮ್ಮದಲ್ಲದ ಜೇಬಿನಿಂದ ನಾವು ಬಯಲಿನ ಬಾಡಿಗೆ ಕೊಡುತ್ತಿದ್ದೇವೆ. ಮತ್ತು ಆ ಕುರಿಗಾಹಿಗಳು ನಮಗಿಂತ ಮೊದಲು ಆ ಬಯಲಿನಲ್ಲಿದ್ದವರು. ನಾವು ಅವರನ್ನು ‘ಪ್ರೇಕ್ಷಕರು’ ಎಂದು ಕರೆಯುವುದೇ ಒಂದು ಅಧಿಕಪ್ರಸಂಗ.

ನಮ್ಮ ಬೇಡಿಕೆ ದೊಡ್ಡದಲ್ಲ. ಹಾರುವ ಮುನ್ನ ಇನ್ನೊಬ್ಬರ ಕೈ ರೆಕ್ಕೆಯ ಮೇಲಿರಲಿ, ಅದರಲ್ಲೂ ಸಂಘದ ಅತಿ ಕಿರಿಯ ಸದಸ್ಯನ ಕೈ. ಕಾರುಗಳು ಬಲಗಡೆಗೆ, ಹಾರುವ ಗೆರೆಯಿಂದ ಐವತ್ತು ಹೆಜ್ಜೆ ಹಿಂದಕ್ಕೆ ಹೋಗಲಿ. ಸಿಗ್ನಲ್ ತಪ್ಪಿದರೆ ಎಂಜಿನ್ ತಾನಾಗಿ ಇಳಿಯುವಂತೆ ಪ್ರತಿ ರೇಡಿಯೋದಲ್ಲೂ ಹೊಂದಿಸಿದ್ದಾರೋ ಇಲ್ಲವೋ ಎಂದು ನೆಲದ ಮೇಲೆ ರೇಡಿಯೋ ಆರಿಸಿ ನೋಡಲಿ. ಮರಳಿನ ಬಕೆಟ್ಟು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಯಾರ ಕಾರಿನಲ್ಲಿದೆಯೆಂದು ಎಲ್ಲರಿಗೂ ಗೊತ್ತಿರಲಿ. ಇವನ್ನೆಲ್ಲ ಒಪ್ಪಿಸುವುದು ಕಷ್ಟವಲ್ಲ, ಎಲ್ಲರೂ ತಲೆಯಾಡಿಸುತ್ತಾರೆ. ತಲೆಯಾಡಿಸದೆ ಎದ್ದು ಹೋಗುವುದು ವಹಿಯ ಮಾತು ಬಂದಾಗ.

ವಹಿ ಎಂದರೆ ಒಂದು ಪುಸ್ತಕ. ಬಿದ್ದದ್ದು, ಬೀಳುವುದರಲ್ಲಿದ್ದದ್ದು ಎಲ್ಲವನ್ನೂ ಅಂದೇ, ಬಯಲಿನಲ್ಲೇ ಬರೆಯುವುದು. ಹೆಸರು ಬೇಡವೆಂದರೆ ಹೆಸರಿಲ್ಲದೆ ಬರೆಯೋಣ, ‘ಹಾರಿಸುತ್ತಿದ್ದವರು’ ಎಂದಿದ್ದರೆ ಸಾಕು. ನಾವು ಹಟ ಹಿಡಿದಿರುವುದು ಒಂದೇ ವಿಷಯಕ್ಕೆ: ಪ್ರತಿ ವಾಕ್ಯದಲ್ಲೂ ಮನುಷ್ಯನೊಬ್ಬ ಇರಬೇಕು. ‘ಸರ್ವೋ ತಿರುಗುಮುರುಗಾಗಿತ್ತು’ ಎಂದು ಬರೆಯುವಂತಿಲ್ಲ. ‘ಹೊಸ ಸರ್ವೋ ಹಾಕಿದವರು ದಿಕ್ಕು ಪರೀಕ್ಷಿಸಲಿಲ್ಲ, ನೋಡಿದವನು ಹೇಳಲಿಲ್ಲ, ಜನರನ್ನು ಹಿಂದೆ ನಿಲ್ಲಿಸಬೇಕಿದ್ದವರು ಚಹಾ ಕುಡಿಯುತ್ತಿದ್ದರು’ ಎಂದು ಬರೆಯಬೇಕು. ಇದು ಶಿಕ್ಷೆಗಾಗಿ ಅಲ್ಲವೆಂದು ಎಷ್ಟು ಹೇಳಿದರೂ ಕೆಲವರು ನಂಬುವುದಿಲ್ಲ. ನಂಬದಿದ್ದರೂ ಒಂದು ಲಾಭವನ್ನು ಅವರು ಕಾಣಬಹುದು. ಗಾಳಿಯ ಮೇಲೆ ಹೊರಿಸಿದ ತಪ್ಪನ್ನು ತಿದ್ದಲು ಗಾಳಿಯನ್ನೇ ತಿದ್ದಬೇಕು. ಮನುಷ್ಯನ ತಪ್ಪಾದರೆ ಮುಂದಿನ ಭಾನುವಾರದಿಂದಲೇ ಕೆಲಸ ಶುರುಮಾಡಬಹುದು.

ಅಪ್ಪಾ ಬಳವಂತ ಚೌಕದಿಂದ ಇನ್ನೂರು ಪುಟದ ಒಂದು ಗಟ್ಟಿ ರಟ್ಟಿನ ಪುಸ್ತಕ ತಂದಿದ್ದೇವೆ. ಮೊದಲ ಪುಟದಲ್ಲಿ ಜನವರಿಯ ಆ ಬೆಳಗನ್ನು ಮರಾಠಿಯಲ್ಲಿ ಬರೆದಾಗಿದೆ. ನಮ್ಮ ಮರಾಠಿ ಕಚೇರಿಯ ಮರಾಠಿ. ಕ್ರಿಯಾಪದಗಳು ತಮ್ಮಷ್ಟಕ್ಕೆ ಕರ್ಮಣಿಗೆ ಜಾರಿದ್ದವು. ವಿಜಯಪುರದ ಹುಡುಗ ಕೂತು ಒಂದೊಂದನ್ನೂ ತಿದ್ದಿದ. ತನ್ನ ಬಗೆಗಿನ ವಾಕ್ಯ ಬಂದಾಗ ಪೆನ್ನು ನಿಲ್ಲಿಸಿ, ಆಮೇಲೆ ತಾನೇ ಬರೆದ. ಕಾಕಾ ಇನ್ನೂ ಓದಿಲ್ಲ. ಆ ದಿನದ ನಂತರ ಅವರು ಬಯಲಿಗೆ ಎರಡೇ ಸಲ ಬಂದರು, ಎರಡು ಸಲವೂ ಕಾರಿನಿಂದ ಇಳಿಯಲಿಲ್ಲ. ಅವರ ಮನೆಗೇ ಪುಸ್ತಕ ಒಯ್ದು ತೋರಿಸಬೇಕೆಂದಿದ್ದೇವೆ. ಅದಕ್ಕಿಂತ ಮೊದಲು ಗುಡ್ಡದ ಆ ಬದಿಗೆ ಹೋಗಿ ಹುಡುಗನ ತಂದೆಗೆ ಅದನ್ನು ಓದಿ ಹೇಳಬೇಕು. ಮಳೆ ಹಿಡಿಯುವ ಮೊದಲು ಆತ ಹಿಂಡು ಹೊಡೆದುಕೊಂಡು ಬೇರೆ ಕಡೆಗೆ ಹೋಗಿಬಿಡುತ್ತಾನಂತೆ.